ಮೊಬೈಲ್ ತೋರಿಸದೆ ತುತ್ತು ಇಳಿಯಲ್ಲ: ನಿಮ್ಮ ಮನೆಯಲ್ಲಿ ಹೇಗೆ ಬಿಡಿಸಿದಿರಿ?

ಪುಟ್ಟನಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಮಗನಿಗೆ ಎರಡೂವರೆ ವರ್ಷ. ಊಟಕ್ಕೆ ಕೂತರೆ ಮೊಬೈಲ್ ಬೇಕೇ ಬೇಕು. ವಿಡಿಯೊ ಓಡುತ್ತಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ. ತಿನ್ನುತ್ತಿರುವುದು ಸಾರನ್ನವೋ ಮೊಸರನ್ನವೋ ಅವನಿಗೆ ಗೊತ್ತೇ ಇರುವುದಿಲ್ಲ. ಜಾಹೀರಾತು ಬಂದರೆ ತುಪ್ಪದ ಬೆರಳಲ್ಲೇ 'ಸ್ಕಿಪ್' ಒತ್ತುತ್ತಾನೆ. ಮೊಬೈಲ್ ತೆಗೆದೆವೋ, ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂತುಬಿಡುತ್ತಾನೆ. ನುಂಗಲ್ಲ, ಉಗುಳಲ್ಲ.

ನಾನೂ ನಮ್ಮ ಯಜಮಾನರೂ ಕೆಲಸಕ್ಕೆ ಹೋಗುತ್ತೇವೆ. ಹಗಲು ನೋಡಿಕೊಳ್ಳುವುದು ಅತ್ತೆ. "ಮಗು ಉಪವಾಸ ಇರೋದನ್ನ ನನ್ನ ಕೈಲಿ ನೋಡೋಕಾಗಲ್ಲ, ಕೊಟ್ಟರೆ ಏನೀಗ" ಅನ್ನುತ್ತಾರೆ. ಸಂಜೆ ಏಳರಿಂದ ಧಾರಾವಾಹಿ ಬೇರೆ. ಡಾಕ್ಟರ್ "ಸ್ಕ್ರೀನ್ ಕಡಿಮೆ ಮಾಡಿ" ಅಂದರು, ಅಷ್ಟೇ. ಹೇಗೆ ಅಂತ ಯಾರೂ ಹೇಳಲ್ಲ. ಅತ್ತೆ ಜೊತೆ ಜಗಳ ಆಗದ ಹಾಗೆ ದಾರಿ ಇದ್ದರೆ ಹೇಳಿ.

ಸತ್ಯವಾದಿ 71

ನಮ್ಮಮ್ಮ ಐದು ಮಕ್ಕಳನ್ನು ಸಾಕಿದರು. ಯಾವ ಮೊಬೈಲೂ ಇರಲಿಲ್ಲ. ಈಗಿನವರಿಗೆ ಒಂದು ಮಗುವೇ ಭಾರ. ಮೊಬೈಲ್ ಬೀರುವಿನಲ್ಲಿಟ್ಟು ಬೀಗ ಹಾಕಿ. ಹಸಿವಾದರೆ ತಾನೇ ತಿನ್ನುತ್ತಾನೆ.

ಉಡುಪಿ ಹುಡುಗಿ

ಸತ್ಯವಾದಿಯವರೇ, ನಿಮ್ಮಮ್ಮ ಒಬ್ಬರೇ ಸಾಕಿದರಾ? ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯವರು, ಅಣ್ಣ ಅಕ್ಕಂದಿರು ಇದ್ದಿರಬೇಕು ಅಲ್ವಾ? ನಾನು ಫ್ಲ್ಯಾಟಿನಲ್ಲಿ ಇಬ್ಬರು ಮಕ್ಕಳ ಜೊತೆ ಒಬ್ಬಳೇ, ಮಗಳಿಗೆ ಮೂರು ವರ್ಷ. ಗಂಡ ಬರುವುದು ರಾತ್ರಿ ಒಂಬತ್ತಕ್ಕೆ. ಸಂಜೆ ಒಗ್ಗರಣೆ ಹಾಕುವಾಗ ಅವಳು ಕಾಲಿಗೆ ಸುತ್ತಿಕೊಳ್ಳುತ್ತಾಳೆ. ಒಲೆಯ ಮೇಲೆ ಕಾದ ಎಣ್ಣೆ. ಆಗ ನಾನು ಕಾರ್ಟೂನ್ ಹಾಕುತ್ತೇನೆ. ಅದಕ್ಕೆ ನನಗೆ ನಾಚಿಕೆಯೂ ಇಲ್ಲ. ಬೀಗ ಹಾಕಿ ಅನ್ನುವವರು ಆ ಹೊತ್ತಿಗೆ ಬಂದು ಮಗು ಎತ್ತಿಕೊಳ್ಳಲಿ.

ನಿರ್ವಾಹಕ

ಕೇಳಿದ ಪ್ರಶ್ನೆಗೆ ಉತ್ತರ ಕೊಡಿ. ತಾಯಂದಿರನ್ನು ಬೈಯುವುದಕ್ಕೆ ಬೇರೆ ಜಾಗ ಬೇಕಾದಷ್ಟಿದೆ.

ಮಾತುಗಾತಿ, ಮೈಸೂರು

ನಾನು ಸ್ಪೀಚ್ ಥೆರಪಿಸ್ಟ್. ದಿನಾ ಇದೇ ಕತೆ ಕೇಳುತ್ತೇನೆ.

ಲೆಕ್ಕ ಮೊದಲು ಹೇಳಿ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಐಎಪಿ 2022ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದೇ: ಎರಡರಿಂದ ಐದು ವರ್ಷದವರಿಗೆ ಒಂದು ಗಂಟೆ, ಅದೂ ದೊಡ್ಡವರು ಪಕ್ಕದಲ್ಲಿದ್ದು.

ಆದರೆ ನನ್ನ ಹತ್ತಿರ ಬರುವ ಮನೆಗಳಲ್ಲಿ ಗಂಟೆಯ ಲೆಕ್ಕದಿಂದ ಏನೂ ಬದಲಾಗಿದ್ದು ನಾನು ನೋಡಿಲ್ಲ. ನಾನು ಕೇಳುವುದು ಬೇರೆ: ನಿಮ್ಮ ಮನೆಯಲ್ಲಿ ಮೊಬೈಲ್ ಏನು ಕೆಲಸ ಮಾಡುತ್ತಿದೆ? ಊಟ ಮಾಡಿಸುತ್ತಿದೆಯಾ, ಅಳು ನಿಲ್ಲಿಸುತ್ತಿದೆಯಾ, ಮಲಗಿಸುತ್ತಿದೆಯಾ, ಇಲ್ಲ ನಿಮಗೆ ಅಡುಗೆ ಮಾಡಲು ಬಿಡುವು ಕೊಡುತ್ತಿದೆಯಾ? ಈ ಪೈಕಿ ಮೊದಲ ಮೂರು ಕೆಲಸ ಅದಕ್ಕೆ ಕೊಡಬೇಡಿ. ಹಸಿವು ತಿಳಿಯುವುದು, ಸಿಟ್ಟು ಇಳಿಸಿಕೊಳ್ಳುವುದು, ನಿದ್ದೆಗೆ ಜಾರುವುದು, ಈ ಮೂರನ್ನೂ ಮಗು ಈ ವಯಸ್ಸಿನಲ್ಲೇ ಕಲಿಯಬೇಕು. ನಾಲ್ಕನೆಯದು ಇರಲಿ. ಹಾಗಾಗಿ ಉಡುಪಿ ಹುಡುಗಿಯವರು ಮಾಡುತ್ತಿರುವುದರ ಬಗ್ಗೆ ನನ್ನದೇನೂ ತಕರಾರಿಲ್ಲ. ಇರುವ ಒಂದು ಗಂಟೆಯನ್ನು ಅವರು ಸರಿಯಾದ ಜಾಗದಲ್ಲೇ ಇಟ್ಟಿದ್ದಾರೆ.

ಶಿವಮೊಗ್ಗ ಅಡುಗೆಮನೆ

ನಾನು ಡಯಟಿಷಿಯನ್. ಊಟದ ವಿಷಯ ನಾನು ಹೇಳುತ್ತೇನೆ.

ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರು ಪಟ್ಟು ಆಗುತ್ತದೆ. ಮೂರು ಕೆಜಿ ಇದ್ದದ್ದು ಒಂಬತ್ತರ ಹತ್ತಿರ. ಆಮೇಲೆ ವರ್ಷಕ್ಕೆ ಎರಡು, ಎರಡೂವರೆ ಕೆಜಿ ಏರಿದರೆ ಸಾಕು. ಬೆಳವಣಿಗೆ ನಿಧಾನವಾದ ಮೇಲೆ ಹಸಿವೂ ಇಳಿಯುತ್ತದೆ. ಇದು ಗೊತ್ತಿಲ್ಲದೆ ಮನೆಯವರೆಲ್ಲ "ಮೊದಲು ಬಟ್ಟಲು ತುಂಬ ತಿನ್ನುತ್ತಿದ್ದ, ಈಗ ತಿನ್ನಲ್ಲ" ಅಂತ ಗಾಬರಿಯಾಗುತ್ತಾರೆ. ಸುಮಾರು ಮನೆಗಳಲ್ಲಿ ಮೊಬೈಲ್ ಊಟದ ತಟ್ಟೆಯ ಪಕ್ಕ ಬಂದು ಕೂರುವುದು ಇದೇ ಸಮಯಕ್ಕೆ.

ವಿಡಿಯೊ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಹಾಗಾಗಿ ಹೆಚ್ಚು ಹೋಗುತ್ತದೆ. ನಿಮಗೆ ಅದು "ಚೆನ್ನಾಗಿ ತಿಂದ" ಅನ್ನಿಸುತ್ತದೆ. ಮೊಬೈಲ್ ಇಲ್ಲದ ದಿನ ಅವನು ಅರ್ಧ ತಿಂದು ಸಾಕು ಅಂದರೆ "ನೋಡಿ, ತಿನ್ನಲೇ ಇಲ್ಲ" ಅನ್ನಿಸುತ್ತದೆ. ಆ ಅರ್ಧವೇ ಅವನ ನಿಜವಾದ ಊಟ ಇರಬಹುದು.

ಇನ್ನೊಂದು ಮಾತು. ಹಾಲು ಎಷ್ಟು ಕುಡಿಯುತ್ತಾನೆ? ದಿನಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ಹೋಗುತ್ತಿದ್ದರೆ ಊಟಕ್ಕೆ ಜಾಗವೇ ಇರಲ್ಲ. ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ. ಹನ್ನೊಂದಕ್ಕೆ ಒಂದು ಲೋಟ ಹಾಲು, ಮಧ್ಯೆ ಎರಡು ಬಿಸ್ಕತ್ತು ಕೊಟ್ಟು ಒಂದು ಗಂಟೆಗೆ ಅನ್ನ ತಿನ್ನು ಅಂದರೆ ಯಾರು ತಿನ್ನುತ್ತಾರೆ?

ಪುಟ್ಟನಮ್ಮ, ಬೆಂಗಳೂರು

ಹಾಲು ಅರ್ಧ ಲೀಟರ್ ದಾಟುತ್ತದೆ ಮೇಡಂ. "ಊಟ ಮಾಡಿಲ್ಲ, ಹಾಲಾದರೂ ಕುಡಿಯಲಿ" ಅಂತ ಕೊಡುತ್ತೇವೆ. ಬಿಸ್ಕತ್ತೂ ಉಂಟು.

ಶಿವಮೊಗ್ಗ ಅಡುಗೆಮನೆ

ಹಾಗಾದರೆ ಮೊಬೈಲಿಗೂ ಮೊದಲು ಅದನ್ನು ಸರಿಮಾಡಿ. ಊಟಕ್ಕೂ ಅದರ ಹಿಂದಿನ ತಿಂಡಿಗೂ ಎರಡು, ಎರಡೂವರೆ ಗಂಟೆ ಅಂತರ ಇರಲಿ. ಮಧ್ಯೆ ಬರೀ ನೀರು. ಹಸಿವಿಲ್ಲದ ಮಗುವಿನಿಂದ ಮೊಬೈಲ್ ಕಿತ್ತುಕೊಂಡರೆ ರಂಪ ಆಗುತ್ತದೆ, ಹೊಟ್ಟೆಗೇನೂ ಹೋಗುವುದಿಲ್ಲ. ಅತ್ತೆ ಮುಂದೆ ನಿಮ್ಮ ಮಾತೂ ಬಿದ್ದುಹೋಗುತ್ತದೆ.

ಏನು, ಯಾವಾಗ, ಎಲ್ಲಿ ತಿನ್ನಬೇಕು ಅನ್ನುವುದನ್ನು ನೀವು ತೀರ್ಮಾನ ಮಾಡಿ. ಎಷ್ಟು ತಿನ್ನಬೇಕು ಅನ್ನುವುದನ್ನು ಅವನಿಗೆ ಬಿಡಿ. ಅಮೆರಿಕದ ಎಲಿನ್ ಸ್ಯಾಟರ್ ಅನ್ನುವ ಆಹಾರ ತಜ್ಞೆ ಹೇಳಿಕೊಟ್ಟ ಕ್ರಮ ಇದು. ಅರ್ಧ ಗಂಟೆ ಆಯಿತಾ, ತಟ್ಟೆ ಎತ್ತಿ. ಬೈಯಬೇಡಿ, ಬೇಡಿಕೊಳ್ಳಲೂ ಬೇಡಿ.

ಹಾವೇರಿ ಟೀಚರ್

ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮಲ್ಲಿ ಮಧ್ಯಾಹ್ನ ಮಕ್ಕಳನ್ನು ಸಾಲಾಗಿ ಕೂರಿಸಿ ತಟ್ಟೆ ಇಡುತ್ತೇವೆ. ಕೈಯಲ್ಲಿ ಕಲಸುತ್ತಾರೆ, ಅರ್ಧ ಚೆಲ್ಲುತ್ತಾರೆ, ಪಕ್ಕದವನ ತಟ್ಟೆ ನೋಡುತ್ತಾರೆ, ಅವನು ತಿಂದ ಅಂತ ತಾವೂ ತಿನ್ನುತ್ತಾರೆ. ಅವೇ ಮಕ್ಕಳ ತಾಯಂದಿರು ಬಂದು "ನಮ್ಮ ಹುಡುಗ ಫೋನ್ ಇಲ್ಲದೆ ಉಣ್ಣೂದಿಲ್ರೀ" ಅನ್ನುತ್ತಾರೆ. ಒಬ್ಬ ತಾಯಿಯನ್ನು ಕಿಟಕಿಯ ಹಿಂದೆ ನಿಲ್ಲಿಸಿ ತೋರಿಸಿದೆ. ಮಗ ಸಾರು ಕುಡಿದು ತಟ್ಟೆ ನೆಕ್ಕುತ್ತಿದ್ದ. ಆಕೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಮಗು ಒಂದೇ ಕೂತು, ಎದುರಿಗೆ ಒಬ್ಬರು ತುತ್ತು ಹಿಡಿದುಕೊಂಡು ಬಾಯಿ ತೆಗಿ ತೆಗಿ ಅಂದರೆ ಯಾವ ಮಗುವಿಗೂ ಬೇಸರ. ಅತ್ತೆಯವರು ತಾವೂ ತಟ್ಟೆ ಹಾಕಿಕೊಂಡು ಪಕ್ಕದಲ್ಲೇ ಊಟಕ್ಕೆ ಕೂರಲಿ. ಮಗುವಿನ ತಟ್ಟೆಗೆ ಎರಡೇ ಚಮಚ ಬಡಿಸಲಿ. ಬೇಕು ಅಂದಾಗ ಇನ್ನಷ್ಟು. ನೆಲಕ್ಕೆ ಹಳೆ ಪೇಪರ್ ಹಾಸಿ, ಚೆಲ್ಲಿದರೆ ಚೆಲ್ಲಲಿ.

ನಾವು ಫೋನ್ ಮುಟ್ಟುವುದಿಲ್ಲ ಅಂತಲ್ಲ. ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಜರಿ, ತೂಕ, ಎತ್ತರ ತುಂಬಲು ನಮ್ಮ ಕೈಯಲ್ಲಿ ಫೋನ್ ಇದ್ದೇ ಇರುತ್ತದೆ. ಮಕ್ಕಳು "ಟೀಚರ್, ಹಾಡು ಹಾಕಿ" ಅಂತ ಸೀರೆ ಎಳೆಯುತ್ತಾರೆ. ಊಟದ ಹೊತ್ತಿಗೆ ಮಾತ್ರ ಫೋನನ್ನು ಮೇಲಿನ ಶೆಲ್ಫಿಗೆ ಹಾಕುತ್ತೇನೆ.

ಬಸವನಗುಡಿ ಅಜ್ಜ

ಪುಟ್ಟನಮ್ಮ, ನಾನು ನಿಮ್ಮ ಅತ್ತೆಯ ಪಾರ್ಟಿ ಅಂತ ಇಟ್ಟುಕೊಳ್ಳಿ. ನನಗೂ ಮೊಮ್ಮಗಳನ್ನು ಹಗಲು ನೋಡಿಕೊಳ್ಳುವ ಕೆಲಸ. ಒಂದು ಮಾತು ಬಿಡಿಸಿ ಹೇಳುತ್ತೇನೆ. ಅರವತ್ತು ದಾಟಿದವರಿಗೆ ಮಂಡಿನೋವು ಇರುತ್ತದೆ. ಮಗು ಓಡಿದರೆ ಹಿಂದೆ ಓಡಲಾಗುವುದಿಲ್ಲ. ಮಗು ಒಂದು ಕಡೆ ಕೂತಿದ್ದರೆ ನಮಗೆ ಧೈರ್ಯ. ಮೊಬೈಲ್ ಮಗುವನ್ನು ಕೂರಿಸುತ್ತದೆ, ಅಷ್ಟೇ ಕಾರಣ. ಸಂಜೆ ಸೊಸೆ ಬಂದು "ಇವತ್ತು ಎಷ್ಟು ಹೊತ್ತು ತೋರಿಸಿದ್ರಿ" ಅಂತ ಕೇಳಿದರೆ ಮನಸ್ಸಿಗೆ ನೋವಾಗುತ್ತದೆ.

ನಮಗೆ ಕೂತು ಮಾಡುವ ಕೆಲಸ ಕೊಡಿ. ನಾನು ಅಳಗುಳಿಮಣೆ ಹೊರಗೆ ತೆಗೆದೆ. ಆಟ ಆಡುವ ವಯಸ್ಸಲ್ಲ ಅವಳದು. ಹುಣಸೆಬೀಜ ಒಂದೊಂದೇ ಗುಳಿಗೆ ಹಾಕುತ್ತಾಳೆ, ತೆಗೆಯುತ್ತಾಳೆ. ಬೀಜ ಬಾಯಿಗೆ ಹಾಕಿಕೊಳ್ಳದ ಹಾಗೆ ಮಾತ್ರ ಕಣ್ಣಿಟ್ಟಿರಬೇಕು. ಇನ್ನೂ ಚಿಕ್ಕ ಮಗುವಾದರೆ ಬೀಜ ಬೇಡ, ಸ್ಟೀಲ್ ಡಬ್ಬಿಗಳೇ ಸಾಕು. ಬಟ್ಟೆ ಮಡಿಸುವಾಗ ಕರವಸ್ತ್ರಗಳು ಅವಳ ಪಾಲು. ಅವರೆಕಾಯಿ ಕಾಲದಲ್ಲಿ ಇಬ್ಬರೂ ಸೇರಿ ಸುಲಿಯುತ್ತೇವೆ. ನಾನು ಒಂದು ಬೋಗುಣಿ ಸುಲಿಯುವಷ್ಟರಲ್ಲಿ ಅವಳು ನಾಲ್ಕು ಕಾಳು ಬಿಡಿಸಿ, ಅದರಲ್ಲಿ ಎರಡನ್ನು ಸಿಪ್ಪೆಗೆ ಹಾಕಿರುತ್ತಾಳೆ.

ಧಾರಾವಾಹಿ ವಿಷಯ. ನಿಲ್ಲಿಸಿ ಅನ್ನಬೇಡಿ, ಖಂಡಿತ ಜಗಳ ಆಗುತ್ತದೆ. ಮರುಪ್ರಸಾರವನ್ನೋ ಆ್ಯಪಿನಲ್ಲೋ ಮರುದಿನ ಮಗು ಮಲಗಿದಾಗ ನೋಡಲು ಕಲಿಸಿಕೊಡಿ. ಕಲಿಸುವಾಗ ತಾಳ್ಮೆ ಇರಲಿ. ನನ್ನ ಮಗನಿಗೆ ಇರಲಿಲ್ಲ.

ಮಾತುಗಾತಿ, ಮೈಸೂರು

ಅಜ್ಜ ಹೇಳಿದ್ದಕ್ಕೆ ಸೇರಿಸುತ್ತೇನೆ. ಮಗು ನೋಡದಿದ್ದರೂ ಟಿವಿ ಓಡುತ್ತಿದ್ದರೆ ನಷ್ಟವಿದೆ. 2009ರಲ್ಲಿ ಅಮೆರಿಕದಲ್ಲಿ ಪುಟ್ಟ ಮಕ್ಕಳ ಅಂಗಿಗೆ ರೆಕಾರ್ಡರ್ ಹಾಕಿ ನೋಡಿದರು. ಟಿವಿಯ ಸದ್ದು ಕೇಳಿಸುವ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಪದ ಕಡಿಮೆಯಾಗಿತ್ತು. ದೊಡ್ಡವರು ಮಗುವನ್ನು ಬಿಟ್ಟು ಎಲ್ಲೂ ಹೋಗಿರುವುದಿಲ್ಲ. ಸುಮ್ನೆ ಟಿವಿ ನೋಡುತ್ತಾ ಮಾತು ನಿಲ್ಲಿಸಿರುತ್ತಾರೆ.

"ವಿಡಿಯೊ ನೋಡಿ ಎಬಿಸಿಡಿ ಕಲಿತಿದ್ದಾನೆ, ಭಾಷೆಗೆ ಒಳ್ಳೆಯದಲ್ವಾ" ಅಂತ ಕೇಳುವವರಿಗೆ ಇನ್ನೊಂದು ವಿಷಯ. 2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಎದುರಿಗೆ ಕೂತು ಆಟ ಆಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ವಿಡಿಯೊದಲ್ಲಿ ತೋರಿಸಿದಾಗ ಕಲಿಯಲೇ ಇಲ್ಲ. ಎಬಿಸಿಡಿ ಒಪ್ಪಿಸುವ ಎರಡು ವರ್ಷದ ಮಗು "ಅಮ್ಮ ನೀರು" ಅಂತ ಕೇಳುವುದಿಲ್ಲ ಅಂದರೆ ನನಗೆ ಆತಂಕವಾಗುವುದು ಆ ನೀರಿನ ವಿಷಯಕ್ಕೆ.

ನೈಟ್‌ಶಿಫ್ಟ್ ಅಪ್ಪ

ಫೋನಿನಲ್ಲೇ ಮಾಡಬಹುದಾದ ಕೆಲಸ ಬರೆಯುತ್ತೇನೆ. ನಾನು ಐಟಿಯವನು, ಇಷ್ಟಾದರೂ ಉಪಯೋಗ ಆಗಲಿ.

ಆಟೋಪ್ಲೇ ಆಫ್ ಮಾಡಿ. ಒಂದು ವಿಡಿಯೊ ಮುಗಿದರೆ ಇನ್ನೊಂದು ತಾನಾಗಿ ಶುರುವಾಗುವುದೇ ಅರ್ಧ ರಂಪಕ್ಕೆ ಕಾರಣ. ಮಗುವಿಗೆ 'ಮುಗಿಯಿತು' ಅನ್ನುವುದು ಕಾಣಬೇಕು. ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಒಪ್ಪಿಗೆ ಕೊಟ್ಟ ವಿಡಿಯೊ ಮಾತ್ರ ಕಾಣುವ ಹಾಗೆ ಮಾಡಬಹುದು, ಟೈಮರ್ ಕೂಡ ಇದೆ. ಐಫೋನ್ ಆದರೆ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡ್ ಆದರೆ ಆ್ಯಪ್ ಪಿನ್ನಿಂಗ್ ಹಾಕಿದರೆ ಮಗು ಆ ಆ್ಯಪ್ ಬಿಟ್ಟು ಹೊರಗೆ ಹೋಗಲಾಗುವುದಿಲ್ಲ. ನಮ್ಮ ಮನೆಯಲ್ಲಿ ಇದ್ಯಾವುದೂ ಬೇಡ ಅಂತ ಕೊನೆಗೆ ಎರಡೇ ಎಪಿಸೋಡ್ ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದೆವು. ಟಿವಿ ದೂರ ಇರುತ್ತದೆ, ಮಗನ ಕೈಯಲ್ಲಿ ಇರುವುದಿಲ್ಲ. ಏನು ನೋಡುತ್ತಿದ್ದಾನೆ ಅಂತ ಅಡುಗೆಮನೆಯಿಂದಲೇ ಗೊತ್ತಾಗುತ್ತದೆ. ಮುಗಿದರೆ ಮುಗಿಯಿತು.

ಏನು ತೋರಿಸುತ್ತೀರಿ ಅನ್ನುವುದೂ ಮುಖ್ಯ. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 60 ಮಕ್ಕಳನ್ನು, ಎಲ್ಲ ನಾಲ್ಕು ವರ್ಷದವರು, ಮೂರು ಗುಂಪು ಮಾಡಿದರು. ಚಕಚಕನೆ ದೃಶ್ಯ ಬದಲಾಗುವ ಕಾರ್ಟೂನನ್ನು ಬರೀ ಒಂಬತ್ತು ನಿಮಿಷ ನೋಡಿದ ಮಕ್ಕಳು, ಚಿತ್ರ ಬಿಡಿಸಿದ ಮಕ್ಕಳಿಗಿಂತ ಗಮನ, ತಾಳ್ಮೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಅದು ನೋಡಿದ ತಕ್ಷಣದ ಪರಿಣಾಮ, ಜೀವಮಾನದ್ದಲ್ಲ. ಆದರೂ ಊಟಕ್ಕೆ ಮೊದಲು, ಮಲಗುವ ಮೊದಲು ಅಂಥದ್ದು ಹಾಕಬೇಡಿ.

ಪುಟ್ಟನಮ್ಮ, ಬೆಂಗಳೂರು

ಎಲ್ಲಾ ಓದಿದೆ. ಹಾಲು, ಬಿಸ್ಕತ್ತು ಸರಿಮಾಡುತ್ತೇನೆ. ಆದರೆ ಮೊಬೈಲ್ ತೆಗೆದ ಮೊದಲ ದಿನ ಏನಾಗುತ್ತದೆ ಅಂತ ನನಗೆ ಗೊತ್ತು. ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳುತ್ತಾನೆ. ಒಂದೇ ಸಲ ನಿಲ್ಲಿಸುವುದಾ, ನಿಧಾನಕ್ಕಾ? ಇನ್ನೊಂದು, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 'ವರ್ಚುವಲ್ ಆಟಿಸಂ' ಅಂತ, ಅಂದರೆ ಮೊಬೈಲ್ ನೋಡಿದರೆ ಮಗುವಿಗೆ ಆಟಿಸಂ ಬರುತ್ತದೆ ಅಂತ, ಒಂದು ವಿಡಿಯೊ ಓಡಾಡುತ್ತಿದೆ. ಅದನ್ನು ನೋಡಿ ರಾತ್ರಿ ನಿದ್ದೆ ಬರಲಿಲ್ಲ.

ಮಾತುಗಾತಿ, ಮೈಸೂರು

ಆ ವಿಡಿಯೊ ಮೊದಲು ಅಳಿಸಿ. 'ವರ್ಚುವಲ್ ಆಟಿಸಂ' ಅನ್ನುವುದು ವೈದ್ಯರ ರೋಗಪಟ್ಟಿಯಲ್ಲಿ ಇಲ್ಲ. ಆಟಿಸಂ ಮೊಬೈಲಿನಿಂದ ಹತ್ತಿಕೊಳ್ಳುವ ಕಾಯಿಲೆ ಅಲ್ಲ. ಸ್ಕ್ರೀನ್ ಜಾಸ್ತಿಯಾಗಿ ಮಾತು ತಡವಾದ ಮಕ್ಕಳಿದ್ದಾರೆ. ಆಟಿಸಂ ಇದ್ದು ಸ್ಕ್ರೀನಿಗೆ ಬೇಗ ಅಂಟಿಕೊಂಡ ಮಕ್ಕಳೂ ಇದ್ದಾರೆ. 'ವರ್ಚುವಲ್ ಆಟಿಸಂ' ಅನ್ನುವ ಮಾತಿನಿಂದ ಎರಡು ತೊಂದರೆ. ಏನೂ ಇಲ್ಲದವರು ಹೆದರುತ್ತಾರೆ. ನಿಜವಾಗಿ ತೋರಿಸಬೇಕಾದವರು "ಮೊಬೈಲ್ ಬಿಡಿಸಿದರೆ ಸರಿಹೋಗುತ್ತೆ" ಅಂತ ಕಾಯುತ್ತಾ ಕೂರುತ್ತಾರೆ.

ಒಂದು ವರ್ಷವಾದರೂ ಹೆಸರು ಕರೆದರೆ ತಿರುಗಲ್ಲ, ಒಂದೂವರೆ ವರ್ಷಕ್ಕೂ ಬೆರಳು ಮಾಡಿ ತೋರಿಸಲ್ಲ, ಎರಡು ವರ್ಷಕ್ಕೆ "ಅಪ್ಪ ಬಾ" ಥರ ಎರಡು ಪದ ಕೂಡಿಸಲ್ಲ ಅಂದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ಆಯಿಷ್, ಇದಕ್ಕೇ ಇರುವುದು. ಅಷ್ಟು ದೂರ ಬರಲಾಗದವರು ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿದೆ ಅಂತ ಕೇಳಿ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ ಅದು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು.

ರಂಪದ ವಿಷಯ. ಅಳು ನಿಲ್ಲಿಸಲು ಮೊಬೈಲ್ ಕೊಟ್ಟರೆ ಆ ಕ್ಷಣಕ್ಕೆ ನಿಲ್ಲುತ್ತದೆ. ಮಿಷಿಗನ್‌ನ ಮಕ್ಕಳ ವೈದ್ಯೆ ಜೆನ್ನಿ ರಾಡೆಸ್ಕಿ ಅವರ ತಂಡ ಮೂರರಿಂದ ಐದು ವರ್ಷದ ಮಕ್ಕಳನ್ನು ಕೆಲವು ತಿಂಗಳು ಗಮನಿಸಿತು. ಸಮಾಧಾನಕ್ಕೆ ಪದೇಪದೇ ಮೊಬೈಲ್ ಸಿಕ್ಕಿದ ಮಕ್ಕಳಲ್ಲಿ, ಅದರಲ್ಲೂ ಗಂಡು ಮಕ್ಕಳಲ್ಲಿ, ಸಿಟ್ಟು ಸೆಡವು ಆಮೇಲೆ ಜಾಸ್ತಿ ಕಂಡಿತು. ಅಂದರೆ ಇವತ್ತಿನ ರಂಪ ತಪ್ಪಿಸಲು ಹೋಗಿ ನಾಳೆಯ ರಂಪಕ್ಕೆ ನೀರೆರೆದ ಹಾಗೆ.

ನಿಮಗೆ ನನ್ನ ಸಲಹೆ: ಮೂರು ಹೊತ್ತೂ ಒಟ್ಟಿಗೆ ಬೇಡ. ನೀವಿಬ್ಬರೂ ಮನೆಯಲ್ಲಿರುವ ಒಂದು ಹೊತ್ತು ಆರಿಸಿಕೊಳ್ಳಿ, ಭಾನುವಾರದ ಬೆಳಗಿನ ತಿಂಡಿ ಅಂತಿಟ್ಟುಕೊಳ್ಳಿ. ಆ ಹೊತ್ತಿಗೆ ಪೂರ್ತಿ ಬಂದ್. ಐದು ನಿಮಿಷ ಕೊಟ್ಟು ತೆಗೆಯುವುದು ಬೇಡ, ಅದೇ ಹೆಚ್ಚು ಅಳಿಸುತ್ತದೆ. ತಲೆ ಚಚ್ಚಿಕೊಂಡರೆ ತಲೆಯ ಕೆಳಗೆ ದಿಂಬು ಇಡಿ, ಪಕ್ಕದಲ್ಲಿ ಕೂರಿ, "ಮೊಬೈಲ್ ಬೇಕಿತ್ತು, ಸಿಟ್ಟು ಬಂತು" ಅಂತ ಅವನ ಪರವಾಗಿ ನೀವೇ ಹೇಳಿ. ಮನಸ್ಸು ಕರಗಿ ಕೊಟ್ಟುಬಿಟ್ಟರೆ ಎಷ್ಟು ಹೊತ್ತು ಅತ್ತರೆ ಸಿಗುತ್ತದೆ ಅನ್ನುವುದನ್ನು ಅವನು ಕಲಿಯುತ್ತಾನೆ. ಅದು ಸಲೀಸಾದ ಮೇಲೆ ರಾತ್ರಿ ಊಟ. ಅತ್ತೆಯವರ ಪಾಲಿನ ಮಧ್ಯಾಹ್ನದ ಊಟ ಕೊನೆಗೆ. ಅಷ್ಟರಲ್ಲಿ ಮೊಬೈಲ್ ಇಲ್ಲದೆಯೂ ಮೊಮ್ಮಗ ತಿನ್ನುತ್ತಾನೆ ಅನ್ನುವುದನ್ನು ಅವರೇ ಕಣ್ಣಾರೆ ನೋಡಿರುತ್ತಾರೆ. ಆಮೇಲೆ ನೀವು ವಾದ ಮಾಡಬೇಕಾಗಿಯೇ ಇಲ್ಲ.

ಆ ಹೊತ್ತಿನಲ್ಲಿ ನಿಮ್ಮ ಯಜಮಾನರ ಫೋನೂ ಟೇಬಲ್ ಮೇಲೆ ಇರಬಾರದು. ಇದನ್ನು ಯಾವಾಗಲೂ ಎರಡು ಸಲ ಹೇಳಬೇಕಾಗುತ್ತದೆ.

ಸತ್ಯವಾದಿ 71

ನಾನು ಬೀಗ ಹಾಕಿ ಅಂದೆ, ನೀವು ಭಾನುವಾರ ಬೀಗ ಹಾಕಿ ಅಂದಿರಿ. ವ್ಯತ್ಯಾಸ ಏನು?

ಮಾತುಗಾತಿ, ಮೈಸೂರು

ಬೀಗ ಹಾಕಿದ ಮೇಲೆ ಮಗುವಿನ ಪಕ್ಕದಲ್ಲಿ ಯಾರು ಕೂರುತ್ತಾರೆ ಅನ್ನುವುದು, ಸರ್.

ನ್ಯೂಜೆರ್ಸಿ ಗೌಡ್ತಿ

ನಮ್ಮಂಥವರ ಕಷ್ಟ ಬೇರೆ. ಮಗಳಿಗೆ ಒಂದೂವರೆ ವರ್ಷ. ಎರಡು ವರ್ಷದವರೆಗೆ ಸ್ಕ್ರೀನ್ ಬೇಡ ಅಂದರೆ ಮಂಡ್ಯದಲ್ಲಿರುವ ಅಜ್ಜಿ ತಾತನ ಮುಖ ನೋಡುವುದು ಹೇಗೆ ಅಂತ ಮಕ್ಕಳ ಡಾಕ್ಟರನ್ನು ಕೇಳಿದೆ. ವಿಡಿಯೊ ಕಾಲ್ ಲೆಕ್ಕಕ್ಕಿಲ್ಲ ಅಂದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲೇ ಅದಕ್ಕೆ ವಿನಾಯಿತಿ ಕೊಟ್ಟಿದೆಯಂತೆ. ಎದುರಿನವರು ಅವಳು ನಕ್ಕರೆ ನಗುತ್ತಾರೆ, ಕರೆದರೆ ಓಗೊಡುತ್ತಾರೆ. ರೆಕಾರ್ಡ್ ಮಾಡಿದ ವಿಡಿಯೊ ಅದನ್ನು ಮಾಡುವುದಿಲ್ಲ.

ಮೊದಮೊದಲು ನಮ್ಮಮ್ಮ "ಊಟ ಆಯ್ತಾ ಬಂಗಾರಿ, ಅಜ್ಜಿ ಯಾರು ಹೇಳು, ತಾತ ಎಲ್ಲಿ ತೋರಿಸು" ಅಂತ ಪರೀಕ್ಷೆ ಮಾಡುತ್ತಿದ್ದರು. ಮಗು ಓಡಿಹೋಗುತ್ತಿತ್ತು. ಈಗ ಅಮ್ಮ ಫೋನ್ ತಗೊಂಡು ಕೊಟ್ಟಿಗೆಗೆ ಹೋಗಿ ಕರುವಿನ ಮುಂದೆ ಹಿಡಿಯುತ್ತಾರೆ. ಕರು ಕ್ಯಾಮೆರಾ ನೆಕ್ಕುತ್ತದೆ. ಇಲ್ಲಿ ಇವಳಿಗೆ ಅದೇ ಹಬ್ಬ.

ಉಡುಪಿ ಹುಡುಗಿ

ಮಾತುಗಾತಿಯವರೇ, ಸಂಜೆಯ ಕಾರ್ಟೂನ್ ಇರಲಿ ಅಂದಿರಿ, ಒಳ್ಳೆಯದಾಯಿತು. ಆದರೆ ಅದು ಊಟದ ಹೊತ್ತಿಗೆ ನಿಲ್ಲಬೇಕಲ್ಲ, ಆಗ ಏನು ಮಾಡುವುದು? ಇನ್ನೊಂದು, ದೊಡ್ಡವನಿಗೆ ಏಳು ವರ್ಷ. ಶಾಲೆಯ ಪ್ರಾಜೆಕ್ಟ್ ಅಂತ ಲ್ಯಾಪ್‌ಟಾಪ್ ತೆಗೆಯುತ್ತಾನೆ. ಇವಳು ಹೋಗಿ ಪಕ್ಕಕ್ಕೆ ಅಂಟಿಕೊಳ್ಳುತ್ತಾಳೆ.

ನೈಟ್‌ಶಿಫ್ಟ್ ಅಪ್ಪ

ನಿಲ್ಲಿಸುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಎಪಿಸೋಡ್ ಮುಗಿಯುವ ಮೊದಲು ಹೋಗಿ ಪಕ್ಕದಲ್ಲಿ ಕೂತು ಒಂದು ನಿಮಿಷ ಜೊತೆಗೆ ನೋಡುತ್ತೇನೆ. "ಆ ಮೊಲ ಎಲ್ಲಿ ಹೋಯ್ತು" ಅಂತ ಕೇಳುತ್ತೇನೆ. ಮುಗಿದ ಮೇಲೆ ರಿಮೋಟ್ ಅವನ ಕೈಗೇ ಕೊಟ್ಟು ಆಫ್ ಮಾಡಿಸುತ್ತೇನೆ. ಅಲ್ಲಿಂದ ನೇರ ಒಂದು ಕೆಲಸ, ತಟ್ಟೆ ಇಡುವುದೋ ಲೋಟಕ್ಕೆ ನೀರು ಹಾಕುವುದೋ. ಅಡುಗೆಮನೆಯಿಂದ "ಆಫ್ ಮಾಡೋ" ಅಂತ ಕೂಗಿದರೆ ಒಂದು ದಿನವೂ ಆಗಿಲ್ಲ.

ಮಾತುಗಾತಿ, ಮೈಸೂರು

ಅಣ್ಣನ ಪ್ರಾಜೆಕ್ಟನ್ನು ತಂಗಿ ಮಧ್ಯಾಹ್ನ ಮಲಗಿದಾಗ ಇಲ್ಲವೇ ಅವಳು ಕೆಳಗೆ ಆಡಲು ಹೋದಾಗ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಮೇಜಿನ ಮೇಲೆ, ಗೋಡೆಗೆ ಮುಖ ಮಾಡಿ ಇರಲಿ, ಸೋಫಾದ ಮೇಲೆ ಬೇಡ. ಎಷ್ಟೋ ಪ್ರಾಜೆಕ್ಟುಗಳಿಗೆ ಲ್ಯಾಪ್‌ಟಾಪೇ ಬೇಕಾಗಿರುವುದಿಲ್ಲ. ಚಿತ್ರ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸಿ ಅಂಟಿಸುವ ಬದಲು ಅವನೇ ಬರೆಯಲಿ. ಟೀಚರ್ ಒಪ್ಪುವುದಿಲ್ಲ ಅಂದರೆ ಡೈರಿಯಲ್ಲಿ ಒಂದು ಸಾಲು ಬರೆದು ಕೇಳಿ. ನನಗೆ ಗೊತ್ತಿರುವ ಬಹಳ ಟೀಚರುಗಳು ಒಪ್ಪುತ್ತಾರೆ. ಆ ಚಾರ್ಟುಗಳನ್ನು ನೋಡಿ ನೋಡಿ ಅವರಿಗೂ ಸಾಕಾಗಿದೆ.